ಬಲೆ ಹೊತ್ತವನನ್ನು ಕೇಳಬಾರದ ಮಾತು

"ಒಪ್ಪಿಗಿ ಇದ್ದವ್ರೆಲ್ಲ ಕೈ ಎತ್ತಿ," ಎಂದ ಚಂದ್ರಣ್ಣ ಮೈಕಿನಲ್ಲಿ.

ಭಜನಾ ಮಂದಿರದಲ್ಲಿ ಪ್ಲಾಸ್ಟಿಕ್ ಕುರ್ಚಿ ತುಂಬಿ ಕುಳಿತಿದ್ದ ಹೊಳೆಬಾಗಿಲು ಕೇರಿಯ ಜನ ಕೈ ಎತ್ತಿದರು. ಯಾವುದಕ್ಕೆ ಒಪ್ಪಿಗೆ ಎಂದು ಹಿಂದಿನ ಸಾಲಿನವರಿಗೆ ಮಳೆಯ ಸದ್ದಿನಲ್ಲಿ ಕೇಳಿಸಿರಲಿಲ್ಲ. ಗುಂಪಿನಲ್ಲಿ ಗೋವಿಂದ ಎಂದು ಅವರೂ ಎತ್ತಿದರು. ಅಧ್ಯಕ್ಷ ಚಂದ್ರಣ್ಣ ತಾನೂ ಎಡಗೈ ಎತ್ತಿದ. ಬಲ ಭುಜ ಹಿಡಿದುಕೊಂಡು ವರ್ಷದ ಮೇಲಾಗಿತ್ತು, ಅದು ಎದೆಯಿಂದ ಮೇಲಕ್ಕೆ ಏರುತ್ತಿರಲಿಲ್ಲ. ಹೀಗೆ ನಾಗರಿಕ ಸುರಕ್ಷಾ ಸಮಿತಿಯ ಸಂತಾಪ ಸಭೆಯಲ್ಲಿ, ಮುತ್ತನನ್ನು ಕೊಂದ ಗುಡ್ಡನಿಗೆ ಕಠಿಣ ಶಿಕ್ಷೆಯಾಗಬೇಕೆಂಬ ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಕೊಂದದ್ದು ಗುಡ್ಡನೇ ಹೌದೇ ಎಂದು ಕೇಳಿ ಮಾತ್ರ ಯಾರೂ ಕೈ ಎತ್ತಿಸಲಿಲ್ಲ.

ಕಂಬಕ್ಕೆ ಒರಗಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಪ್ರೇಮಾನಂದನಿಗೆ ಅದು ಚುಚ್ಚಿತು. ಹೊಳೆಯಲ್ಲಿ ಮುಳುಗಿ ಸತ್ತನೆಂದುಕೊಂಡಿದ್ದ ಮುತ್ತನ ತಲೆಗೆ, ನೀರಿಗೆ ಬೀಳುವ ಮೊದಲೇ ಹಿಂದಿನಿಂದ ಪೆಟ್ಟು ಬಿದ್ದಿತ್ತು ಎಂದು ಡಾಕ್ಟರು ಬರೆದುಕೊಟ್ಟ ದಿನದಿಂದ ಕೇರಿಗೆ ಒಬ್ಬ ಕೊಲೆಗಾರ ಬೇಕಾಗಿದ್ದ. ಗುಡ್ಡ ಸಿಕ್ಕಿದ.

ಸಿಗಲು ಕಾರಣವೂ ಇತ್ತು. ಹಿಂದೊಮ್ಮೆ ತೆಂಗಿನಕಾಯಿ ಕದ್ದು ಸಿಕ್ಕಿಬಿದ್ದವನು. ಕಡಲಿಗಿಳಿಯಲಾಗದ ಈ ಮಳೆಗಾಲದಲ್ಲಿ ಹೊಳೆಯಲ್ಲಿ ಬಲೆ ಬೀಸುವ ಜಾಗದ ವಿಷಯಕ್ಕೆ ಮುತ್ತನ ಜೊತೆ ಜಗಳವಾಡಿ, "ನಿನ್ನನ್ನ ಹೊಳಿಗೇ ಹಾಕ್ತೆ ಕಾಣ್" ಎಂದು ಎಲ್ಲರೆದುರು ಅರಚಿದ್ದ. ಬಡವನ ಕೋಪ ದವಡೆಗೆ ಮೂಲ. ಸಮಿತಿಯ ಹುಡುಗರು ಇವತ್ತು ಬೆಳಿಗ್ಗೆ ಅವನನ್ನು ಹಾಲಾಡಿ ಪೇಟೆಯಲ್ಲಿ ಬಸ್ಸಿನಿಂದ ಇಳಿಸಿ, ತಮ್ಮ ಪಾಲಿನ ಶಿಕ್ಷೆಯನ್ನು ಅಲ್ಲೇ ಕೊಟ್ಟು, ಆಮೇಲೆ ಠಾಣೆಗೆ ತಂದು ಒಪ್ಪಿಸಿದ್ದರು.

"ನಾನ್ ಕಾಯಿ ಕದ್ದವ ಹೌದ್ ಸಾಹೇಬ್ರೆ, ಜೀವ ಕದ್ದವ ಅಲ್ಲ," ಎಂದಿದ್ದ ಗುಡ್ಡ, ಊದಿದ ಬಾಯಲ್ಲಿ. ಅವನ ಹೆಂಡತಿ ಪುಷ್ಪ ಆಗಿನಿಂದ ಠಾಣೆಯ ಜಗಲಿಯಲ್ಲಿ ಅನ್ನದ ಡಬ್ಬಿ ಹಿಡಿದು ಕುಳಿತಿದ್ದಳು. ನಾಳೆ ಬೆಳಿಗ್ಗೆ ಅವನನ್ನು ಕುಂದಾಪುರದ ಕೋರ್ಟಿಗೆ ಹಾಜರುಪಡಿಸಬೇಕು. ಅಷ್ಟರೊಳಗೆ ಬೇರೆ ಹೆಸರು ಸಿಗದಿದ್ದರೆ ಗುಡ್ಡ ಜೈಲಿಗೆ ಹೋಗುವುದು ಖಂಡಿತ, ಹೋದವನು ಸುಲಭಕ್ಕೆ ಹೊರಬರುವ ಪೈಕಿಯೂ ಅಲ್ಲ.

ಸಭೆ ಮುಗಿದು ಚಹಾದ ಬಕೆಟ್ ಬಂತು. ಲೋಟ ಹಿಡಿದು ಮಾಡಿನಡಿ ನಿಂತಿದ್ದ ಪ್ರೇಮಾನಂದನ ಹತ್ತಿರ ಸುಗುಣ ಬಂದಳು. ಹೊಳೆಯ ಬದಿಗಿರುವ ಕೇರಿಯ ಕೊನೆಯ ಮನೆ ಅವಳದ್ದು. ಗಂಡ ಮುಂಬೈಯ ಹೋಟೆಲೊಂದರಲ್ಲಿ ಅಡುಗೆಗಿದ್ದ.

"ಸಾಹೇಬ್ರೆ, ಒಂದ್ ಮಾತ್ ಹೇಳುಕಿತ್ತ್. ಹೇಳ್ಕಾ ಬ್ಯಾಡ್ದಾ ಅಂದೇಳಿ ಗೊತ್ತಾತಿಲ್ಲೆ."

"ಹೇಳಿ ಸುಗುಣಕ್ಕ. ಬರ್ಕಂಬುದಿಲ್ಲ ನಾನ್."

"ಮುತ್ತಣ್ಣ ಹೋದ ದಿನ ಬೆಳ್ಗಿನ ಜಾವ. ಮಳಿ ಹೊಯ್ತಿದ್ದಿತ್. ನಾನ್ ಒಲಿಗೆ ಬೆಂಕಿ ಹಾಕ್ತಿದ್ದೆ. ಮನಿ ಹಿಂದಿನ ದಾರಿಯಂಗೆ ಯಾರೋ ಜೋರಾಗಿ ಕೇಂಡ್ರ್. 'ಹ್ವಾಯ್, ಯಾರದ್? ಎಲ್ಲಿಗ್ ಹೋಪುದ್?' ಅಂದೇಳಿ. ಮತ್ತೊಂದ್ ಸಲವೂ ಅದನ್ನೇ ಕೇಂಡ್ರ್. ಕಡಿಗೆ 'ಹೇಳ್ತ್ಯಾ ಇಲ್ಯಾ' ಅಂದ್ರ್. ಮತ್ತೆಂತ ಗೊತ್ತಿಲ್ಲೆ."

"ಸ್ವರ ಯಾರದ್ದ್?"

"ಮಳಿ ಅಲ್ದಾ, ಗುರ್ತ ಸಿಗ್ಲಿಲ್ಲೆ. ಕಾವಲಿನವ್ರ್ ಅಂದೇಳಿ ಸುಮ್ನಾದೆ."

"ಇಷ್ಟ್ ದಿನ ಎಂತಕೆ ಹೇಳ್ಲಿಲ್ಲ?"

ಸುಗುಣ ಹಿಂದೆ ಮುಂದೆ ನೋಡಿದಳು. "ಮುತ್ತಣ್ಣನ ಹೆಂಡ್ತಿ ಅಪ್ಪಿ ಅಕ್ಕನ ಹತ್ರ ಹೇಳಿದ್ದೆ, ಸಾಹೇಬ್ರೆ. ಗಂಡ ಸತ್ತವ್ಳಿಗೆ ಗೊತ್ತಿರ್ಲಿ ಅಂದೇಳಿ. ಅವ್ಳ್ ಕೇಂಡವ್ಳೇ ಗೋಡಿ ಹಿಡ್ಕಂಡ್ ಕೂತ್ಲ್. ಮತ್ತೆ ನನ್ ಕೈ ಹಿಡ್ದ್, 'ಸುಗುಣ, ಇದನ್ನ ಯಾರ್ ಹತ್ರೂ ಹೇಳ್ಬೇಡ' ಅಂದ್ಲ್. ಎಂತಕೆ ಅಂದ್ರೆ ಮಾತೇ ಇಲ್ಲೆ. ಒಳಗ್ ಹೋಯಿ ಬಾಗ್ಲ್ ಹಾಕಂಡ್ಲ್."

ಪ್ರೇಮಾನಂದನಿಗೆ ಆ ಮಾತಿನಲ್ಲಿ ಏನೋ ಸರಿ ಇಲ್ಲ ಎನ್ನಿಸಿತು. ಏನು ಎಂದು ಹೊಳೆಯಲಿಲ್ಲ. ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಅದು ಅಲ್ಲೇ ಕುಳಿತಿತು.

ಆ ದಿನ ಬೆಳಗಿನ ಜಾವದ ಕಾವಲಿನ ಸರದಿ ಚಂದ್ರಣ್ಣ ಮತ್ತು ಮುತ್ತನ ಮಗ ಕೀರ್ತನನದ್ದು. ಇದು ಇಡೀ ಕೇರಿಗೆ ಗೊತ್ತು. ತಾವಿಬ್ಬರೂ ಆ ಹೊತ್ತಿಗೆ ಹೊಳೆಯ ಬದಿಯಲ್ಲಿ ಇರಲೇ ಇಲ್ಲ, ಮೇಲೆ ಹೆದ್ದಾರಿಯ ಬಸ್‌ಸ್ಟ್ಯಾಂಡಿನಲ್ಲಿದ್ದೆವು ಎಂದು ಚಂದ್ರಣ್ಣ ಹೇಳಿಕೆ ಕೊಟ್ಟಿದ್ದ. ಪಕ್ಕದಲ್ಲಿ ನಿಂತಿದ್ದ ಕೀರ್ತನ್ ತಲೆಯಾಡಿಸಿದ್ದ. ಅಪ್ಪನನ್ನು ಕಳೆದುಕೊಂಡ ಹುಡುಗನನ್ನು ಮತ್ತೆ ಕೇಳುವ ಮನಸ್ಸು ಪ್ರೇಮಾನಂದನಿಗೆ ಬಂದಿರಲಿಲ್ಲ.

ಈ ಸಮಿತಿ ಹುಟ್ಟಿದ್ದು ಹೋದ ವರ್ಷ, ಉಗ್ರರು ಮುಂಬೈಗೆ ಕಡಲ ದಾರಿಯಲ್ಲಿ ಬಂದು ದಾಳಿ ಮಾಡಿದ ಮೇಲೆ. ತೀರದ ಊರುಗಳು ಎಚ್ಚರವಾಗಿರಬೇಕೆಂದು ಮೇಲಿನಿಂದ ಆದೇಶ ಬಂತು. ಅದೇ ಹೊತ್ತಿಗೆ ಗಂಡಸರಿಲ್ಲದ ಎರಡು ಮೂರು ಮನೆಗಳಲ್ಲಿ ಕಳ್ಳತನವೂ ಆಯಿತು. ಸಿಳ್ಳೆ, ಟಾರ್ಚು, ದೊಣ್ಣೆ ಹಂಚಿ ಉದ್ಘಾಟನೆಯ ಭಾಷಣ ಮಾಡಿದವನು ಪ್ರೇಮಾನಂದನೇ. ಗುರುತಿಲ್ಲದವರು ಕಂಡರೆ ಯಾರು, ಎಲ್ಲಿಗೆ ಎಂದು ಕೇಳಿ; ಉತ್ತರ ಕೊಡದವನನ್ನು ಬಿಡಬೇಡಿ ಎಂದಿದ್ದ. ಜೋರಾಗಿ ಚಪ್ಪಾಳೆ ಬಿದ್ದಿತ್ತು.

ಲೋಟ ಇಟ್ಟು ಬೈಕಿನ ಹತ್ತಿರ ಹೋದ. ಕೀರ್ತನ್ ಓಡಿ ಬಂದ.

ಕರ್ಮಕ್ಕೆಂದು ಬೋಳಿಸಿದ ತಲೆ, ಮಳೆಯಲ್ಲಿ ನೆನೆದ ಬಿಳಿ ಅಂಗಿ. ಏಳನೆಯ ಕ್ಲಾಸು ಮುಗಿದದ್ದೇ ಸೋದರಮಾವ ಅವನನ್ನು ಮುಂಬೈಗೆ ಕರೆದುಕೊಂಡು ಹೋಗಿದ್ದ. ಮಾವನ ಹೋಟೆಲಿನಲ್ಲೇ ಮೀಸೆ ಬಂತು. ಹೋಟೆಲು ಮುಚ್ಚಿತೆಂದು ಈ ಬೇಸಗೆಯಲ್ಲಿ ಊರಿಗೆ ಬಂದವನು ಸಮಿತಿಯ ಕೆಲಸಕ್ಕೆ ಮೈಮೇಲೆ ಬಂದವರ ಹಾಗೆ ಬಿದ್ದಿದ್ದ. ಅಪ್ಪನ ಜೊತೆ ಒಟ್ಟಿಗೆ ಊಟ ಮಾಡಿದ್ದು ಈ ಮೂರ್ನಾಲ್ಕು ತಿಂಗಳು ಮಾತ್ರ ಎಂದು ಹೇಳಿ ಮೊನ್ನೆ ಠಾಣೆಯಲ್ಲಿ ಗೊಳೋ ಎಂದು ಅತ್ತಿದ್ದ.

"ಸಾರ್, ಎಲ್ಲಿಗ್ ಹೊರಟ್ರಿ?"

ಹಿಂದಿನಿಂದ ಸುಗುಣ ಹುಡುಗನ ಮೇಲೆ ರೇಗಿದಳು. "ಏ ಗಂಡ್, ಹೊರಟವ್ರನ್ನ ಎಲ್ಲಿಗೆ ಅಂದೇಳಿ ಕೇಂಬುಕಾಗ. ದೂರ ಹೊರಟ್ರ್ಯಾ ಅನ್ಕ್. ಎಷ್ಟ್ ಸಲ ಹೇಳುದ್ ನಿಂಗೆ?"

"ಸಾರಿ ಚಿಕ್ಕಿ. ಮುಂಬೈಯಂಗೆ ಎಲ್ರೂ ಕೇಂತ್ರ್. ಬಾಯಿಗೆ ಅದೇ ಬತ್ತ್."

ಕಿಕ್ ಹೊಡೆಯಲು ಎತ್ತಿದ ಪ್ರೇಮಾನಂದನ ಕಾಲು ಹಾಗೇ ನಿಂತಿತು.

ಅವನು ಗಂಗೊಳ್ಳಿಯ ಮೀನುಗಾರನ ಮಗ. ಅಪ್ಪ ಬಲೆ ಹೆಗಲಿಗೆ ಹಾಕಿದ ಕೂಡಲೇ ಅಮ್ಮ ಮಕ್ಕಳನ್ನೆಲ್ಲ ಎಳೆದು ಒಳಗೆ ಕೂರಿಸುತ್ತಿದ್ದಳು, ಯಾವುದಾದರೊಂದು ಬಾಯಿ ತಪ್ಪಿ "ಅಪ್ಪಯ್ಯ, ಎಲ್ಲಿಗೆ?" ಎಂದೀತೆಂದು. ಬೇರೆ ಕೆಲಸಕ್ಕೆ ಹೊರಟವನನ್ನು ಕೇಳಿದರೆ ಅವನು ಮುಖ ಗಂಟಿಕ್ಕಿ, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡುತ್ತಾನೆ. ಬಲೆ ಹೊತ್ತವನ ವಿಷಯ ಹಾಗಲ್ಲ. ಯಾರು ಕರೆದರೂ ಅವನು ತಿರುಗುವುದಿಲ್ಲ, ಉತ್ತರ ಕೊಡುವುದಿಲ್ಲ. ಕೊಟ್ಟರೆ ಆ ದಿನದ ಬಲೆ ಬರಿದು. ಕೇರಿಯವರೂ ಅಷ್ಟೇ, ಬಲೆ ಹೊತ್ತವನು ಎದುರು ಬಂದರೆ ದಾರಿ ಬಿಟ್ಟು ಆಚೆ ನೋಡುತ್ತ ನಿಲ್ಲುತ್ತಾರೆ. ಕಾವಲಿಗೆ ನಿಂತಾಗಲೂ ಟಾರ್ಚು ಹಾಕಿ ಮುಖ ನೋಡಿ ಬಿಡುತ್ತಿದ್ದರೇ ಹೊರತು ಪ್ರೇಮಾನಂದ ಭಾಷಣದಲ್ಲಿ ಹೇಳಿಕೊಟ್ಟ ಪ್ರಶ್ನೆಯನ್ನು ಅವರಲ್ಲಿ ಒಬ್ಬನೂ ಕೇಳಿರಲಿಲ್ಲ.

ಗುಡ್ಡ ಕೇಳುತ್ತಾನೆಯೇ? ಅವನೂ ಹೊಳೆಯಲ್ಲಿ ಬಲೆ ಬೀಸುವವನು. ಜಗಳಕ್ಕೆ ಬಂದರೂ ಆ ಮಾತು ಬಾಯಿಗೆ ಬಾರದು.

"ಸಾರ್, ಎಂತ ಆಯ್ತ್? ಗಾಡಿ ಸ್ಟಾರ್ಟ್ ಆತಿಲ್ಯಾ?" ಎಂದು ಕೀರ್ತನ್ ಬಗ್ಗಿ ನೋಡಿದ. ಕಣ್ಣುಗಳು ಥೇಟು ಮುತ್ತನವು.

"ಎಂತ ಇಲ್ಲ. ಮನಿಗೆ ಹೋಗ್. ನಿನ್ ಅಮ್ಮನ ಹತ್ರ ಕೂಕೊ," ಎಂದ ಪ್ರೇಮಾನಂದ. ಅವನ ಸ್ವರ ಅವನಿಗೇ ಅಪರಿಚಿತವಾಗಿ ಕೇಳಿಸಿತು. ದೇವರೇ, ನನ್ನ ಎಣಿಕೆ ತಪ್ಪಾಗಿರಲಿ ಎಂದು ಬೇಡಿಕೊಂಡ. ಇಪ್ಪತ್ತು ವರ್ಷದ ನೌಕರಿಯಲ್ಲಿ ಹಾಗೆ ಬೇಡಿಕೊಂಡದ್ದು ಇದೇ ಮೊದಲು.

ಚಂದ್ರಣ್ಣನ ಅಂಗಡಿ ಕೇರಿಯ ಬಾಯಲ್ಲೇ ಇತ್ತು. ನೈಲಾನ್ ದಾರ, ಬಲೆಗೆ ಕಟ್ಟುವ ಸೀಸದ ಗುಂಡು, ಕೊಡೆ, ಸೀಮೆಎಣ್ಣೆ. ಮೂಲತಃ ಹಾಲಾಡಿ ಕಡೆಯವನು, ವ್ಯಾಪಾರಕ್ಕೆಂದು ಬಂದು ಇಲ್ಲಿಯೇ ಮುದುಕನಾದವನು. ಸಭೆಯಿಂದ ಆಗಷ್ಟೇ ಬಂದು ಬಾಗಿಲು ತೆರೆದಿದ್ದ.

ಪ್ರೇಮಾನಂದ ಒಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತ.

"ಚಂದ್ರಣ್ಣ, ಆವತ್ತ್ ಬೆಳಿಗ್ಗೆ ಸುಗುಣಕ್ಕನ ಮನಿ ಹಿಂದೆ ಕೇಂಡದ್ದ್ ಯಾರ್?"

"ಎಂತ ಕೇಂಡದ್ದ್?"

"ಎಲ್ಲಿಗೆ ಅಂದೇಳಿ."

ಸೀಸದ ಗುಂಡುಗಳನ್ನು ತಕ್ಕಡಿಗೆ ಹಾಕುತ್ತಿದ್ದ ಚಂದ್ರಣ್ಣನ ಕೈ ನಿಂತಿತು. ಒಂದು ಗುಂಡು ಉರುಳಿ ಕೆಳಗೆ ಬಿತ್ತು. ಅದನ್ನು ಹೆಕ್ಕಲು ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿದ್ದ.

"ನಾನೇ," ಎಂದ ಕೊನೆಗೆ. "ನಾನೇ ಕೇಂಡದ್ದ್. ಹೊಡ್ದದ್ದೂ ನಾನೇ. ಬರ್ಕಣಿ ಸಾಹೇಬ್ರೆ, ಎಲ್ಲಿ ಬೇಕಾರೂ ಸೈನ್ ಹಾಕ್ತೆ."

"ನಿಮ್ ಬಲಗೈ ಮೇಲೆತ್ತಿ ಕಾಂಬ."

ಚಂದ್ರಣ್ಣ ಎತ್ತಲಿಲ್ಲ.

"ಪೆಟ್ಟ್ ಬಿದ್ದದ್ದ್ ತಲಿ ಹಿಂದೆ, ಬಲಬದಿಗೆ, ಮೇಲಿಂದ ಕೆಳಗೆ. ನಿಮ್ ಕೈ ಎದಿಂದ ಮೇಲೆ ಬತ್ತಿಲ್ಲ. ಮತ್ತೆ, ನಿಮ್ ಅಂಗಡಿಗೆ ದಾರ ತಕಂಬುಕೆ ಬಂದವ್ನನ್ನೂ ನೀವ್ ದೂರ ಹೊರಟ್ರ್ಯಾ ಅಂದೇ ಮಾತಾಡ್ಸುದ್. ಇಷ್ಟ್ ವರ್ಷದಂಗೆ ಎಲ್ಲಿಗೆ ಅಂದದ್ದ್ ನಾನ್ ಕೇಂಡಿಲ್ಲ. ಯಾರ್ ಚಂದ್ರಣ್ಣ?"

"ನಿಮ್ಗ್ ಗೊತ್ತಿತ್ತಲೆ," ಎಂದ ಚಂದ್ರಣ್ಣ. "ಗೊತ್ತಿದ್ದೇ ಬಂದಿದ್ರಿ. ನನ್ ಬಾಯಂಗೆ ಎಂತಕೆ ಹೇಳಿಸ್ತ್ರಿ?"

"ಲಾಕಪ್ಪಿನಂಗೆ ಒಬ್ಬ ಕೂತಿದ್ದ, ಅದ್ಕೆ."

ಚಂದ್ರಣ್ಣ ಗಲ್ಲಾಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ, ಹೊರಗಿನ ಮಳೆ ನೋಡುತ್ತ ಮಾತಾಡಿದ.

"ಕರೆಂಟ್ ಇರ್ಲಿಲ್ಲೆ. ಟಾರ್ಚ್ ನನ್ ಕೈಯಂಗಿದ್ದಿತ್. ಬೀಡಿ ಹಚ್ಚುಕೆ ಅಂದೇಳಿ ಸುಗುಣನ ಕೊಟ್ಟಿಗಿ ಮಾಡಿನಡಿ ನಿಂತೆ. ಗಂಡ್ ಮುಂದ್ ಹೋದ. ಮುತ್ತ ಯಾವತ್ತೂ ಆ ದಾರಿಯಂಗೆ ಬಪ್ಪವ ಅಲ್ಲ. ಅವ್ನ್ ಮನಿ ಹಿಂದಿನ ಒಳದಾರಿಯಂಗೇ ಹೊಳಿಗೆ ಹೋಪವ. ಆ ಒಳದಾರಿ ಕಳ್ರಿಗೆ ಅನುಕೂಲ ಆತ್ತ್ ಅಂದೇಳಿ ನಾವೇ ಮುಳ್ಳ್ ಹಾಕಿ ಮುಚ್ಚಿದ್ದ್. ಅದ್ಕೂ ಎಲ್ರೂ ಕೈ ಎತ್ತಿದ್ದ್ರ್. ಮುತ್ತನೂ ಎತ್ತಿದ್ದ."

"ಮತ್ತೆ?"

"ಮಳಿಗೆ ಅಂದೇಳಿ ಗೊಬ್ಬರದ ಚೀಲದ ಕೊಪ್ಪಿ ಹಾಕಂಡಿದ್ದ ತಲಿ ಮೇಲೆ. ಅದ್ರಡಿ ಹೆಗಲಂಗೆ ಬಲಿ. ಕತ್ಲಿಯಂಗೆ ಕಂಡ್ರೆ ಯಾರೋ ಮೂಟಿ ಹೊತ್ಕಂಡ್ ಹೋದ ಹಾಂಗೇ. ಗಂಡ್ ಕೇಂಡ. ಅವ ಮಾತಾಡ್ಲಿಲ್ಲೆ. ಮತ್ತೂ ಕೇಂಡ. ಹ್ಯಾಂಗ್ ಮಾತಾಡ್ತ ಸಾಹೇಬ್ರೆ? ಬಲಿ ಹೊತ್ತಿದ್ದ."

"ಮಗನ ಸ್ವರ ಗುರ್ತ ಸಿಗ್ಲಿಲ್ಯಾ ಅವನಿಗೆ?"

"ಸಿಕ್ಕಿತ್," ಎಂದ ಚಂದ್ರಣ್ಣ. "ಸಿಕ್ಕಿದ್ದಕ್ಕೇ ಹೆದ್ರದೆ ಬೆನ್ ಹಾಕಿ ನಡ್ದ. ಮಗ ಅಲ್ದಾ, ಎಂತ ಮಾಡ್ತ ಅಂದೇಳಿ."

ಅಳಿವೆಯ ಮರಳದಿಬ್ಬದ ಮೇಲೆ ಸಿಕ್ಕಿದ ಮುತ್ತನ ಹೆಗಲಿಗೆ ಬಲೆ ಇನ್ನೂ ಸುತ್ತಿಕೊಂಡೇ ಇತ್ತು. ಒಂದು ಸಲವೂ ಬೀಸದ ಬಲೆ. ಅದನ್ನು ಪ್ರೇಮಾನಂದನೇ ಕೈಯಾರೆ ಬಿಡಿಸಿದ್ದ.

"ಒಂದೇ ಪೆಟ್ಟ್," ಎಂದ ಚಂದ್ರಣ್ಣ. "ದಂಡಿಂದ ಕೆಳ್ಗ್ ಉರುಳ್ದ. 'ಚಂದ್ರಣ್ಣ, ಕಳ್ಳ, ಕಳ್ಳ' ಅಂದೇಳಿ ಗಂಡ್ ಕೂಗ್ದ. 'ನೀ ಸೇತ್ವಿ ಕಡಿಂದ ಸುತ್ತ್ ಬಾ, ಅಡ್ಡ ಹಾಕ್' ಅಂದೆ. ಅವ ಓಡ್ದ. ನಾನ್ ಕೆಳ್ಗ್ ಇಳ್ದ್ ಟಾರ್ಚ್ ಹಾಕ್ದೆ. ಕೊಪ್ಪಿ ಸರ್ಸಿ ಕಾಂತೆ, ಮುತ್ತ."

"ಜೀವ ಇದ್ದಿತಾ?"

ಚಂದ್ರಣ್ಣ ತಕ್ಕಡಿಯ ಗುಂಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ.

"ಚಂದ್ರಣ್ಣ, ಜೀವ ಇದ್ದಿತಾ?"

"ಇದ್ದಿತ್. ಕಣ್ ಬಿಟ್ಟ. ನನ್ ಅಂಗಿ ಹಿಡ್ಕಂಡ. 'ಗಂಡಿಗೆ ಹೇಳ್ಬೇಡಿ' ಅಂದ. ಅಷ್ಟೇ ಅಂದದ್ದ್. ನಾನ್ 'ಇಲ್ಲೆ ಮುತ್ತ, ಹೇಳುದಿಲ್ಲೆ' ಅಂದೆ. ಆಗ ಅಂಗಿ ಬಿಟ್ಟ."

"ಆಸ್ಪತ್ರಿಗೆ ಹಾಕ್ಬಹುದಿತ್ತಲೆ?"

"ನನ್ ತೊಡಿ ಮೇಲೇ ಹೋದ ಸಾಹೇಬ್ರೆ. ಕೂಗಿ ಜನ ಕರ್ದಿದ್ರೆ ಉಳೀತಿದ್ನಾ ಅಂದೇಳಿ ದಿನಾ ಕೇಂತೆ ನನ್ನನ್ನೇ. ಗಂಡ್ ತಿರ್ಗಿ ಬಪ್ಪ ಸದ್ದ್ ಕೇಂಡ್ತ್. ಇಳಿತದ ಹೊತ್ತ್, ಹೊಳಿ ಕಡ್ಲ್ ಬದಿಗೆ ಎಳೀತಿದ್ದಿತ್. ನೀರಿಗೆ ಬಿಟ್ಟೆ. 'ಸಿಕ್ದನಾ?' ಅಂದ. 'ಆಚಿಗೆ ಈಜಿ ಓಡ್ದ, ಯಾರ್ ಹತ್ರೂ ಹೇಳ್ಬೇಡ, ಹೊಡ್ದದ್ದಕ್ಕೆ ನಮ್ ಮೇಲೇ ಕೇಸ್ ಆತ್ತ್' ಅಂದೆ. ನಂಬ್ದ. ಅವನಿಗ್ ಇವತ್ತಿಗೂ ಗೊತ್ತಿಲ್ಲೆ."

ಪ್ರೇಮಾನಂದನಿಗೆ ಮೈ ಉರಿಯಿತು, ಅಳುವೂ ಬಂತು. ಯಾವುದು ಮೊದಲು ಹೊರಗೆ ಬರುತ್ತದೋ ಎಂದು ಅವನಿಗೇ ಗೊತ್ತಾಗಲಿಲ್ಲ.

"ಗುಡ್ಡ?"

"ಗುಡ್ಡನ್ನ ಹಿಡ್ದದ್ದ್ ನಾನಲ್ಲ."

"ಕೈ ಎತ್ತಿಸಿದ್ದ್ ಯಾರ್? ಮೈಕ್ ಹಿಡ್ಕಂಡ್ ಒಪ್ಪಿಗಿ ಇದ್ದವ್ರೆಲ್ಲ ಅಂದದ್ದ್ ಯಾರ್? ನಿಮ್ಗ್ ಗೊತ್ತಿದ್ದಿತ್ ಚಂದ್ರಣ್ಣ!"

"ಮತ್ತೆಂತ ಮಾಡ್ಲಿ?" ಚಂದ್ರಣ್ಣನೂ ದನಿ ಏರಿಸಿದ. "ಗುಡ್ಡ ಜೈಲಿಗ್ ಹೋದ್ರೆ ಒಂದಲ್ಲ ಒಂದ್ ದಿನ ಬತ್ತ. ಈ ಗಂಡಿಗ್ ಗೊತ್ತಾದ್ರೆ ಅವ ಬದ್ಕುದಿಲ್ಲೆ. ಬಾವಿ ಕಾಣ್ತ, ಇಲ್ಲಾ ಹಗ್ಗ ಕಾಣ್ತ. ಅಪ್ಪಿ ಗಂಡನ್ನ ಕಳ್ಕಂಡಾಯ್ತ್. ಮಗನಾರೂ ಇರ್ಲಿ ಅವ್ಳಿಗೆ. ನೀವೂ ಅಮ್ಮನ ಹಾಲ್ ಕುಡ್ದ್ ಬೆಳ್ದವ್ರಲ್ದಾ?"

"ಠಾಣಿ ಜಗ್ಲಿಯಂಗೆ ಕೂತ ಪುಷ್ಪ ಎಂತ ಪಾಪ ಮಾಡಿದ್ಲ್?"

ಪ್ರೇಮಾನಂದ ಮನಸ್ಸಿನಲ್ಲೇ ತೂಗಿ ನೋಡಿದ. ಸತ್ಯ ಹೇಳಿದರೆ ಒಬ್ಬ ತಾಯಿಗೆ ಮಗನಿಲ್ಲ, ಹೇಳದಿದ್ದರೆ ಒಬ್ಬ ನಿರಪರಾಧಿಗೆ ಬಾಳಿಲ್ಲ. ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಉತ್ತರ ಸಲೀಸಾಗಿ ಇದೆ. ಆ ಪುಸ್ತಕ ಬರೆದವರು ಮುತ್ತನ ಹೆಗಲಿನಿಂದ ಬಲೆ ಬಿಡಿಸಿದವರಲ್ಲ.

"ಅಂಗಡಿ ಬಾಗ್ಲ್ ಹಾಕಿ ಇಲ್ಲೇ ಇರಿ," ಎಂದು ಎದ್ದ. "ಎಲ್ಲಿಗೂ ಹೋಪುದ್ ಬ್ಯಾಡ."

ಮುತ್ತನ ಮನೆಗೆ ಬೈಕಿನಲ್ಲಿ ಹೋಗಲು ಮನಸ್ಸಾಗಲಿಲ್ಲ. ಮಳೆ ಕೊಂಚ ಹಿಡಿದಿತ್ತು. ನಡೆದೇ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಲು ನೋಡಿದ. ಒಬ್ಬ ಮಗನಿಗೆ ಇಂಥದ್ದನ್ನು ಹೇಳುವ ಮಾತು ಕನ್ನಡದಲ್ಲಿ ಹುಟ್ಟಿದ ಹಾಗೆ ಕಾಣಲಿಲ್ಲ. ಹುಟ್ಟಿದ್ದರೂ ಅದನ್ನು ಆಡುವ ನಾಲಿಗೆ ತನ್ನದಾಗದಿರಲಿ ಎಂದುಕೊಂಡ.

ಅಪ್ಪಿ ಬಾಗಿಲಿಗೆ ಒರಗಿ ಕುಳಿತಿದ್ದಳು. ಅವನನ್ನು ಕಂಡು ಸೆರಗು ಸರಿಪಡಿಸಿಕೊಂಡಳೇ ಹೊರತು ಏಳಲಿಲ್ಲ. ಕೀರ್ತನ್ ಒಳಗಿನಿಂದ ಕುರ್ಚಿ ತಂದು ಹಾಕಿ, ಟವೆಲಿನಿಂದ ಒರೆಸಿದ.

"ಕೂಕಣಿ ಸಾರ್. ಚಾ ಮಾಡ್ಲಾ?"

"ಬ್ಯಾಡ ಮಾರಾಯ. ಆಗ್ಳೇ ಆಯ್ತ್."

"ಹಿಂದಿನ ದಿನ ರಾತ್ರಿ ಇಲ್ಲೇ ಕೂತಿದ್ರ್ ಅವ್ರ್," ಎಂದಳು ಅಪ್ಪಿ, ಯಾರೂ ಕೇಳದೆ. ದನಿಯಲ್ಲಿ ಏರಿಳಿತ ಇರಲಿಲ್ಲ. "ಊಟಕ್ಕೆ ಬರೀ ಸಾರ್ ಇದ್ದಿತ್. 'ಮುಂಬೈಯಂಗೆ ಹೊಳಿ ಚಟ್ಲಿ ಸಿಕ್ಕುದಿಲ್ಲೆ ಅಪ್ಪಯ್ಯ' ಅಂದ ಇವ. ಸುಮ್ನೆ ಅಂದದ್ದ್. 'ನಾಳೆ ನಿಂಗೆ ಹೊಟ್ಟಿ ತುಂಬ ಚಟ್ಲಿ' ಅಂದ್ರ್ ಅವ್ರ್. ಮಳಿ ಕಂಡ್ ನಾನ್ ಬ್ಯಾಡ ಅಂದೆ. ಕೇಂಡ್ಲಿಲ್ಲೆ."

ಕೀರ್ತನ್ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಸಿಗಡಿಗೆಂದು ಹೊರಟ ಅಪ್ಪ ಎಂಬ ನೋವೇ ಅವನಿಗೆ ಹೊರಲಾರದಷ್ಟಾಗಿತ್ತು.

"ಕೀರ್ತನ್, ನಿನ್ ಹತ್ರ ಒಂದ್ ಮಾತ್ ಹೇಳುಕಿತ್ತ್," ಎಂದು ಪ್ರೇಮಾನಂದ ಶುರುಮಾಡಿದ.

"ನಂಗೂ ಹೇಳುಕಿತ್ತ್ ಸಾರ್. ಮೊದ್ಲ್ ನಾನ್ ಹೇಳ್ತೆ." ಕೀರ್ತನ್ ಒಳಗೆ ಓಡಿ, ಬಾಗಿಲ ಮೂಲೆಯಿಂದ ದೊಣ್ಣೆ ತಂದ. ಸಮಿತಿ ಕೊಟ್ಟದ್ದು. "ಚಂದ್ರಣ್ಣ ಹೇಳ್ಬೇಡ ಅಂದಿದ್ರ್. ಆದ್ರೆ ನಾಳೆ ಕೋರ್ಟಿಗೆ ಹೋತ್ರಿ ಅಂಬ್ರ್ ಅಲ್ದಾ, ಸಾಕ್ಷಿ ಬೇಕ್ ಅಲ್ದಾ. ಸಚ್ಚೀ ಹೇಳ್ತೆ ಸಾರ್. ಆವತ್ತ್ ನಾವ್ ಬಸ್‌ಸ್ಟ್ಯಾಂಡಿನಂಗ್ ಇರ್ಲಿಲ್ಲ. ಸುಗುಣ ಚಿಕ್ಕಿ ಮನಿ ಹಿಂದೆ ನಾನ್ ಗುಡ್ಡನ್ನ ಕಂಡಿದ್ದೆ."

"ಗುಡ್ಡನ್ನ?" ಎಂದ ಪ್ರೇಮಾನಂದ.

"ಅವ್ನೇ ಸಾರ್, ಮತ್ತ್ಯಾರ್? ಕೇಂಡ್ರೆ ಮಾತಾಡ್ಲಿಲ್ಲ, ಬೆನ್ ಹಾಕಿ ಹೊರ್ಟ. ಇದ್ರಂಗೇ ಒಂದ್ ಕೊಟ್ಟೆ. ಹೊಳಿಗ್ ಬಿದ್ದ, ಈಜಿ ತಪ್ಪಿಸ್ಕಂಡ. ಆ ಸಿಟ್ಟಂಗೇ ಮುಂದ್ ಹೋಯಿ ಅಪ್ಪಯ್ಯನ್ನ..." ಅವನಿಗೆ ಮುಂದೆ ಹೇಳಲಾಗಲಿಲ್ಲ. ದೊಣ್ಣೆಯನ್ನು ಎದೆಗೆ ಒತ್ತಿ ಹಿಡಿದು ಮಕ್ಕಳ ಹಾಗೆ ಬಿಕ್ಕಿದ. "ನನ್ ಕೈ ಹಗುರಾಯ್ತ್ ಸಾರ್. ಇನ್ನೊಂಚೂರ್ ಜೋರಾಗಿ ಹೊಡ್ದಿದ್ರೆ ಅವ ಅಲ್ಲೇ ಸಾಯ್ತಿದ್ದ. ನನ್ ಅಪ್ಪಯ್ಯ ಉಳೀತಿದ್ದ."

ಪ್ರೇಮಾನಂದ ಕಣ್ಣು ಮುಚ್ಚಿದ. ತೆರೆದಾಗ ಅಪ್ಪಿ ತನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಂಶಯವಿರಲಿಲ್ಲ, ಪ್ರಶ್ನೆಯೂ ಇರಲಿಲ್ಲ. ಸುಗುಣನ ಬಾಯಲ್ಲಿ ಆ ಒಂದು ಮಾತು ಕೇಳಿದ ಗಳಿಗೆಯಲ್ಲೇ ಅವಳಿಗೆ ಎಲ್ಲ ಗೊತ್ತಾಗಿತ್ತು. ಮೀನುಗಾರನ ಹೆಂಡತಿ ಅವಳು. ತನ್ನ ಕೇರಿಯಲ್ಲಿ ಆ ಮಾತು ಆಡುವವನು ಒಬ್ಬನೇ ಎಂದು ಯಾವ ಪೊಲೀಸೂ ಹೇಳಿಕೊಡಬೇಕಾಗಿರಲಿಲ್ಲ. ಅಂದಿನಿಂದ ಆ ಮಗನಿಗೇ ಅನ್ನ ಬಡಿಸಿದ್ದಳು, ಆ ಮಗನೇ ಅಪ್ಪನಿಗೆ ಪಿಂಡ ಇಡುವುದನ್ನು ಕುಳಿತು ನೋಡಿದ್ದಳು.

ಹೇಳಬೇಕು, ಈಗಲೇ ಹೇಳಬೇಕು ಎಂದು ಪ್ರೇಮಾನಂದ ಬಾಯಿ ತೆರೆದ.

"ಗುಡ್ಡನ್ನ ಬಿಟ್ಟ್ ಬಿಡಿ ಸಾಹೇಬ್ರೆ," ಎಂದಳು ಅಪ್ಪಿ, ಅವನಿಗಿಂತ ಮೊದಲು. "ಅವ ಎಂತದೂ ಮಾಡ್ಲಿಲ್ಲೆ. ನನ್ ಗಂಡನ್ನ ಕೊಂದದ್ದ್ ನಾನ್."

ಕೀರ್ತನನ ಬಿಕ್ಕು ನಿಂತಿತು.

"ಅಮ್ಮ?"

"ನಾನೇ," ಎಂದಳು ಅಪ್ಪಿ. ಮಗನ ಕಡೆ ತಿರುಗದೆ, ಪ್ರೇಮಾನಂದನ ಮುಖದಿಂದ ಕಣ್ಣು ತೆಗೆಯದೆ. "ಬೆಳ್ಗಿನ ಜಾವ ಹೊಳಿ ತನಕ ಹಿಂದೇ ಹೋದೆ. ಕಲ್ಲಂಗೆ ಹೊಡ್ದೆ. ಬರ್ಕಣಿ."

ಹೊರಗೆ ಮಳೆ ಮತ್ತೆ ಜೋರಾಯಿತು. ಕೀರ್ತನ್ ನಿಧಾನಕ್ಕೆ ತಾಯಿಯ ಕಡೆ ತಿರುಗಿದ. ದೊಣ್ಣೆಯನ್ನು ಅವನು ಇನ್ನೂ ಕೆಳಗಿಟ್ಟಿರಲಿಲ್ಲ.